ಮಾತಿಲ್ಲದ ಟೀವಿ

"ಹಚ್ಚು," ಎಂದಳು ನಂದಿನಿ.

ಮನೆಗೆಲಸದ ಬೀರಿ ರಿಮೋಟನ್ನು ಚೇಳು ಹಿಡಿದ ಹಾಗೆ ಎರಡೇ ಬೆರಳಲ್ಲಿ ಹಿಡಿದಿದ್ದಳು. ಗುಂಡಿ ಒತ್ತಿ, ಅದನ್ನು ಟೀಪಾಯಿಯ ಮೇಲೆ ಎಸೆದಂತೆ ಇಟ್ಟು, ಜಗಲಿಗೆ ಹೋಗಿ ಕಂಬದ ಮರೆಗೆ ನಿಂತಳು. ಗದ್ದೆಯಲ್ಲಿ ಹಾವು ಕಂಡರೆ ಕತ್ತಿಯಿಂದಲೇ ಮಾತಾಡಿಸುವ ಹೆಂಗಸು ಅವಳು. ಅಂಥವಳು ಟೀವಿಗೆ ಹೆದರುವ ಕಾಲ ಬಂದಿತ್ತು.

ಪರದೆ ಬೆಳಗಿತು. ಸುದ್ದಿ ಓದುವ ಹುಡುಗಿ ತುಟಿ ಆಡಿಸುತ್ತಿದ್ದಳು. ಹಿಂದಿನಿಂದ ಢಂ ಢಂ ಎಂದು ಬಡಿಯುವ ಸಂಗೀತ ನಡುಮನೆಯನ್ನು ತುಂಬಿತು. ಮಾತು ಮಾತ್ರ ಇರಲಿಲ್ಲ.

ನಂದಿನಿ ವಾಲ್ಯೂಮ್ ಏರಿಸಿದಳು. ಶೋಕೇಸಿನ ಗಾಜಿನ ಲೋಟಗಳು ಕಿಣಿಕಿಣಿ ಎಂದವು, ಕಾಲಡಿಯ ನೆಲ ಅದುರಿತು. ಹುಡುಗಿಯ ತುಟಿ ಆಡುತ್ತಲೇ ಇತ್ತು, ಒಂದಕ್ಷರವೂ ಹೊರಗೆ ಬರಲಿಲ್ಲ. ಸಂಗೀತ ಒಂದು ಗಳಿಗೆ ನಿಂತಿತು.

ಆಗ ಒಳಕೋಣೆಯ ಮುಚ್ಚಿದ ಬಾಗಿಲ ಹಿಂದಿನಿಂದ ಹೆಣ್ಣು ದನಿಯೊಂದು ನಿಧಾನವಾಗಿ, ಮಾತು ಹಿಡಿಯಲಾಗದಷ್ಟು ಮೆಲ್ಲಗೆ ಮಾತಾಡುವುದು ಕೇಳಿಸಿತು. ಆ ಕೋಣೆಯಲ್ಲಿ ಇದ್ದವಳು ರುಕ್ಮಿಣಿ ಅಜ್ಜಿ ಒಬ್ಬಳೇ. ಕಣ್ಣು ಕಾಣದ, ಹಾಸಿಗೆ ಬಿಟ್ಟೇಳದ ಮುದುಕಿ. ಆ ದನಿ ಅವಳದಾಗಿರಲಿಲ್ಲ.

ನಂದಿನಿಯ ಕತ್ತಿನ ಹಿಂದೆ ತಣ್ಣಗಾಯಿತು. ಪೊಲೀಸ್ ಅಂಗಿ ತೊಟ್ಟವರಿಗೆ ಹೆದರಿಕೆ ಆಗುವುದಿಲ್ಲ ಎನ್ನುವುದು ಆ ಅಂಗಿ ತೊಡದವರ ಮಾತು.

ಅಜ್ಜಿಯ ಹಿರಿಯ ಮಗ ಯೋಗೇಶ ನಾಯಕ ಇದೇ ಟೀವಿಯ ಎದುರು, ಇದೇ ಆರಾಮ ಕುರ್ಚಿಯಲ್ಲಿ ಸತ್ತಿದ್ದ; ಹೃದಯ ನಿಂತದ್ದೆಂದು ಊರು ನಂಬಿದ ಸಾವನ್ನು ಮೂಗು ಬಾಯಿ ಒತ್ತಿ ಮಾಡಿದ ಕೊಲೆ ಎಂದು ಶವಪರೀಕ್ಷೆಯ ವರದಿ ತಡವಾಗಿ ಹೇಳಿತ್ತು; ನಾಳೆ ಬೆಳಿಗ್ಗೆ ಅವನ ಹೆಂಡತಿ ವೀಣಾಳನ್ನು ಬಂಧಿಸಬೇಕೆಂದು ಮೇಲಿನಿಂದ ಅಪ್ಪಣೆಯಾಗಿತ್ತು.

ಸಬ್ ಇನ್‌ಸ್ಪೆಕ್ಟರ್ ನಂದಿನಿ ತಾಂಡೇಲಳಿಗೆ ಆ ಅಪ್ಪಣೆ ಗಂಟಲಲ್ಲಿ ಸಿಕ್ಕಿದ ಮೀನಿನ ಮುಳ್ಳಾಗಿತ್ತು. ವೀಣಾ ಕೊಂದಿಲ್ಲವೆಂದು ಅವಳಿಗೆ ಅನ್ನಿಸುತ್ತಿತ್ತು. ಅನ್ನಿಸಿದ್ದಕ್ಕೆ ಕೋರ್ಟಿನಲ್ಲಿ ಕಿಮ್ಮತ್ತಿಲ್ಲ. ವೀಣಾಳ ವಿರುದ್ಧ ಸಾಕ್ಷಿ ಹೇಳಿದವನು ಯೋಗೇಶನ ಒಡಹುಟ್ಟಿದ ತಮ್ಮ ಶಿವಾನಂದ. ಆ ಸಂಜೆ ತಾನು ಗೇಟಿನ ಬಳಿ ನಿಂತಿದ್ದೆ, ಒಳಗೆ ಟೀವಿಯಲ್ಲಿ ಸುದ್ದಿ ಓದುವುದು ಕೇಳುತ್ತಿತ್ತು, ಅತ್ತಿಗೆ ಪಕ್ಕದ ಹಿತ್ತಲಿನಿಂದ ಮನೆಯೊಳಗೆ ಹೋದದ್ದನ್ನು ಕಣ್ಣಾರೆ ಕಂಡೆ ಎಂದಿದ್ದ. ವೀಣಾ ಹೇಳುವುದು ಬೇರೆ. ಅಂಕೋಲೆ ಪೇಟೆಯಲ್ಲಿ ಸಾಮಾನು ಕೊಳ್ಳುತ್ತಿದ್ದೆ, ಬಂದು ನೋಡುವಾಗ ಮೈ ತಣ್ಣಗಾಗಿತ್ತು ಎನ್ನುತ್ತಾಳೆ. ಒಬ್ಬರ ಮಾತು ಸುಳ್ಳು.

ಇಂಥ ಹೊತ್ತಿಗೆ ಬೀರಿ ಠಾಣೆಯ ಬಾಗಿಲಿಗೆ ಬಂದಿದ್ದಳು, ಟೀವಿಯ ಮೇಲೆ ದೂರು ಕೊಡಲು. ಒಮ್ಮೆ ಮಾತೇ ಕೇಳದು, ಒಮ್ಮೆ ಕಿವಿ ಒಡೆಯುವ ಸದ್ದು. ಅಷ್ಟಾದರೆ ಸಹಿಸಬಹುದಿತ್ತು. ಮೊನ್ನೆಯೂ ನಿನ್ನೆಯೂ ದೀಪ ಹಚ್ಚುವ ಹೊತ್ತಿಗೆ ಟೀವಿಯ ಸದ್ದು ತಾನೇ ನಿಂತು, ಇಂಗ್ಲಿಷಿನಲ್ಲಿ ಯಾವಳೋ ಏನೋ ಅಂದು, ಆಮೇಲೆ ಸತ್ತವನು ಮಾತಾಡಿದನಂತೆ. ಠಾಣೆಯಲ್ಲಿ ಎಲ್ಲರೂ ನಕ್ಕರು. ನಂದಿನಿ ಮಾತ್ರ ಸ್ಟೂಲು ಎಳೆದು ಅವಳನ್ನು ಕೂರಿಸಿದಳು.

"ಯೋಗೇಶ ಒಡೆಯರದೇ ದನಿ ಮೇಡಮ್ಮು. ನಂಗೆ ಗುರ್ತಾಗ್ದೆ ಇರ್ತದ್ಯಾ? 'ಆಯೀ, ಗುಳಿಗೆ ತಕಂಡ್ಯಾ' ಅಂದ್ರು. ಈ ಮುದ್ಕಿ ಹೆದ್ರೂದು ಬಿಟ್ಟು 'ತಕಂಡೆ ಮಗಾ' ಅಂತು. ನಾ ನಾಳಿಂದ ಆ ಮನಿಗೆ ಕಾಲಿಡೂದಿಲ್ಲ."

ಕೇಳಿದವಳು ಅವಳೊಬ್ಬಳೇ ಅಲ್ಲ. ಗಂಡನ ಸೂತಕ ಕಳೆದ ಮೇಲೆ ಊರವರ ಬಾಯಿ ತಾಳಲಾರದೆ ವೀಣಾ ಶೆಟಗೇರಿಯ ತವರಿಗೆ ಹೋಗಿದ್ದಳು. ಅತ್ತೆಯನ್ನು ಬಿಡಲಾರದೆ ಆ ಎರಡೂ ಸಂಜೆ ಊಟ ತಂದಿದ್ದಳು. ದಾರಿಯಲ್ಲಿ ಯಾರೂ ಏನೂ ಅನ್ನಬಾರದೆಂದು ನಂದಿನಿಯೇ ಅವಳನ್ನು ಜೀಪಿನಲ್ಲಿ ಕರೆತರಲು ಹೆಡ್ ಕಾನ್‌ಸ್ಟೆಬಲ್ ಮಾದು ಗೌಡನನ್ನು ಕಳಿಸಿದ್ದಳು. ಆ ದನಿ ಕೇಳಿ ವೀಣಾ ಹೊಸ್ತಿಲ ಮೇಲೆಯೇ ಕುಸಿದು ಅತ್ತಳು. ಮಾದು ಗೌಡ ದೇವರಾಣೆ ಇಟ್ಟು, ತಾನೂ ಕೇಳಿದೆ ಎಂದು ವರದಿ ಒಪ್ಪಿಸಿದ. ದೆವ್ವ ಬಿಡಿಸುವ ಗುನಗನನ್ನು ಕರೆಸಿ, ಇದು ಯಾರ ಕಾಟವೆಂದು ನೋಟ ಕೇಳೋಣವೆಂದೂ ಸೂಚಿಸಿದ. ಮಾದು ಗೌಡನೂ ಇದೇ ಊರು ಭಾವಿಕೇರಿಯವನೇ, ಯೋಗೇಶನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವನು. ಈ ಊರಿನ ಸಂದಿಗೊಂದಿಗಳನ್ನು ನಂದಿನಿಗೆ ಪರಿಚಯಿಸಿದವನೂ ಅವನೇ.

ಇವತ್ತೂ ಅವನನ್ನು ಶೆಟಗೇರಿಗೆ ಕಳಿಸಿ, ನಂದಿನಿ ಒಬ್ಬಳೇ ಬೈಕಿನಲ್ಲಿ ಇಲ್ಲಿಗೆ ಬಂದಿದ್ದಳು. ದೆವ್ವವಾದರೆ ಗುನಗ ನೋಡಿಕೊಳ್ಳಲಿ. ದೆವ್ವವಲ್ಲದಿದ್ದರೆ ಅದು ಅವಳ ಕೆಲಸ.

ಟೀವಿಯ ಸದ್ದು ಇಳಿಸಿ, ಮೊಬೈಲ್ ತೆಗೆದು ಕಾರವಾರದ ಸಂದೇಶನಿಗೆ ಫೋನ್ ಹಚ್ಚಿದಳು. ಈ ಹೋಂ ಥಿಯೇಟರನ್ನು ಯೋಗೇಶನಿಗೆ ಮಾರಿದ ಅಂಗಡಿಯವನು ಅವನು. ಇಬ್ಬರದೂ ಕೊಂಕಣಿ, ಮಾತು ಬೇಗ ಸಾಗಿತು. ಸಂದೇಶನಿಗೆ ಕೊಲೆಯ ಸುದ್ದಿಗಿಂತ ಟೀವಿಯ ಸುದ್ದಿಯೇ ರುಚಿಸಿದಂತಿತ್ತು. ಮೊದಲು ಟೀವಿಯ ಸೆಟ್ಟಿಂಗಿಗೆ ಹೋಗಿ ಸದ್ದು ಎಲ್ಲಿಂದ ಬರುವಂತೆ ಇಟ್ಟಿದೆ ನೋಡಲು ಹೇಳಿದ. ಹೊರಗಿನ ಸ್ಪೀಕರ್ ಎಂದಿತ್ತು. ಟೀವಿಯ ಸ್ವಂತ ಬಾಯಿ ಮುಚ್ಚಿದೆ ಎಂದಾಯಿತು. ಆಮೇಲೆ ಕೇಬಲ್ ಎಆರ್‌ಸಿ ಎಂದು ಬರೆದ ಕಿಂಡಿಯಲ್ಲೇ ಇದೆಯೇ ಎಂದು ಕೇಳಿದ. ಅಲ್ಲೇ ಇತ್ತು. ಅಲುಗಾಡಿಸಿ ನೋಡಿದಳು, ಗಟ್ಟಿಯಾಗಿತ್ತು.

ಹಾಗಾದರೆ ನಡುವಿನ ಸ್ಪೀಕರ್ ನೋಡಿ ಎಂದ ಸಂದೇಶ. ಈ ಪೆಟ್ಟಿಗೆ ಸದ್ದನ್ನು ಐದು ಪಾಲು ಮಾಡುತ್ತದೆ. ಸಂಗೀತ, ಗದ್ದಲ, ಚಪ್ಪಾಳೆ ಎಲ್ಲ ಸುತ್ತಲಿನ ನಾಲ್ಕಕ್ಕೆ ಹೋದರೆ, ಮನುಷ್ಯರ ಮಾತು ಹೆಚ್ಚು ಕಡಿಮೆ ಪೂರ್ತಿ ಟೀವಿಯ ಕೆಳಗಿನ ನಡುವಿನ ಸ್ಪೀಕರಿಗೇ. ಅದೊಂದು ಕೈಕೊಟ್ಟರೆ ಮಾತು ಕೇಳುವುದಿಲ್ಲ. ಮಾತು ಕೇಳಲೆಂದು ಏರಿಸಿದರೆ ಸಂಗೀತ ಮೈಮೇಲೆ ಬೀಳುತ್ತದೆ. ಜನ ಟೀವಿ ಹಾಳಾಯಿತು ಎನ್ನುತ್ತಾರೆ. ಆದರೆ ಸದ್ದು ತಾನೇ ನಿಂತು ಬೇರೆ ದನಿ ಬರುವುದೇಕೆಂದು ಅವನಿಗೂ ಹೊಳೆಯಲಿಲ್ಲ. ಯೋಚಿಸಿ ಫೋನ್ ಮಾಡುತ್ತೇನೆ ಎಂದ.

ನಂದಿನಿ ಬಗ್ಗಿ ನೋಡಿದಳು. ಟೀವಿಯ ಕೆಳಗೆ ಸ್ಪೀಕರ್ ಇರಲಿಲ್ಲ. ಧೂಳಿನ ನಡುವೆ ಇಟ್ಟಿಗೆಯಷ್ಟು ಜಾಗ ಮಾತ್ರ ತಿಳಿಯಾಗಿತ್ತು. ಅಲ್ಲಿಂದ ಹೊಸ ವೈರೊಂದು ಹೊರಟು, ಗೋಡೆಯ ಬುಡ ಹಿಡಿದು, ಒಳಕೋಣೆಯ ಬಾಗಿಲ ಚೌಕಟ್ಟು ಹತ್ತಿ, ಮೇಲಿನ ಗಾಳಿಕಿಂಡಿಯೊಳಗೆ ನುಗ್ಗಿತ್ತು. ಒಂದೊಂದು ಕ್ಲಿಪ್ಪೂ ನೇರವಾಗಿ, ಅಳತೆಯಲ್ಲಿ ಹೊಡೆದದ್ದು. ಮದುವೆ, ಸಭೆಗಳಿಗೆ ಮೈಕ್ ಸೆಟ್ ಬಾಡಿಗೆಗೆ ಕೊಟ್ಟು ಅರ್ಧ ಆಯುಷ್ಯ ಕಳೆದ ಯೋಗೇಶನ ಕೈಕೆಲಸ. ಸಾವಿನ ಮನೆಗೆ ಬಂದು ಹೋದ ಅಷ್ಟು ಜನರಲ್ಲಿ ಒಬ್ಬರಾದರೂ ತಲೆ ಎತ್ತಿ ಗೋಡೆ ನೋಡಿರಲಿಲ್ಲ.

ಅವಳು ಒಳಕೋಣೆಯ ಬಾಗಿಲು ದೂಡಿದಳು. ಕಿಟಕಿಗೆ ಪರದೆ ಎಳೆದಿತ್ತು. ಮಂಚದ ತಲೆಗಟ್ಟಿನ ಹಲಗೆಗೆ ಪುಟ್ಟ ಕರಿ ಸ್ಪೀಕರ್ ಬಿಗಿದಿತ್ತು, ಮೇಲೆ ಹಳೆ ಸೀರೆಯ ತುಂಡು ಇಳಿಬಿಟ್ಟಿತ್ತು. ಸುದ್ದಿ ಓದುವ ಹುಡುಗಿ ಅಜ್ಜಿಯ ಕಿವಿಯ ಪಕ್ಕದಲ್ಲೇ ಕೂತು ಮಾತಾಡುತ್ತಿರುವಂತೆ ಕೇಳುತ್ತಿತ್ತು. ರುಕ್ಮಿಣಿ ಅಜ್ಜಿ ತಲೆಯಾಡಿಸುತ್ತ ಆಲಿಸುತ್ತಿದ್ದಳು.

"ಅಜ್ಜೀ, ಇದನ್ನ ಇಲ್ಲಿ ಯಾರು ಕಟ್ಟಿದ್ದು?"

"ಯೋಗು ಮತ್ಯಾರು." ಅಜ್ಜಿ ದನಿ ಬಂದ ಕಡೆ ಮುಖ ತಿರುಗಿಸಿದಳು. "ಅಂವ ಸತ್ತ ದಿನ ಮಧ್ಯಾಹ್ನ ಕಟ್ದ. 'ಆಯೀ, ಇವತ್ತಿಂದ ಮಾತೆಲ್ಲಾ ನಿನ್ ಕೋಣಿಗೇ ಬರ್ತದೆ, ಊರೋರು ಬೈಯೂದು ತಪ್ತದೆ' ಅಂದ. ನಾ ಹೇಳ್ರೆ ಯಾರ್ ಕೇಳ್ತ್ರು? ಮುದ್ಕಿಗೆ ಅರಳು ಮರಳು ಅಂತ್ರು."

ನಂದಿನಿ ಮಂಚದ ಅಂಚಿನಲ್ಲಿ ಕೂತಳು. ಲೌಡ್‌ಸ್ಪೀಕರಿನ ಬಾಯಿಗೆ ನಿಂತು ನಿಂತು ಯೋಗೇಶನ ಕಿವಿ ಮಂದವಾಗಿತ್ತು. ಸಂಜೆಯಾದರೆ ಅವನ ಮನೆಯ ಸುದ್ದಿ ಮೂರು ಮನೆಯಾಚೆಗೂ ಕೇಳುತ್ತಿತ್ತು. ಕಿವುಡನ ಟೀವಿ ಎಂದು ಊರೆಲ್ಲ ಬೈಯುತ್ತಿತ್ತು. ಅವನಿಗಾದರೋ ಪರದೆಯ ಕೆಳಗೆ ಓಡುವ ಅಕ್ಷರವೇ ಸಾಕಿತ್ತಂತೆ. ಅಷ್ಟು ಜೋರಾಗಿ ಇಡುತ್ತಿದ್ದದ್ದು ಒಳಗೆ ಮಲಗಿದ ಕುರುಡು ತಾಯಿಗೆ ಮಾತು ಕೇಳಲಿ ಎಂದು. ಬೈಗುಳ ಕೇಳಿ ಸಾಕಾಗಿ ಕೊನೆಗೆ ಮಾತನ್ನೇ ಒಯ್ದು ಅವಳ ದಿಂಬಿನ ಬಳಿ ಇಟ್ಟಿದ್ದ. ಸತ್ತವನನ್ನು ನಂದಿನಿ ಇದುವರೆಗೆ ಒಂದು ಕೇಸ್ ಎಂದಷ್ಟೇ ಕಂಡಿದ್ದಳು. ಈಗ ಅವನು ಇನ್ನೂ ಬದುಕಿರಬೇಕಿತ್ತು ಅನ್ನಿಸಿ ಸಂಕಟವಾಯಿತು.

ಆ ಸಂಕಟದ ಹಿಂದೆಯೇ ಇನ್ನೊಂದು ವಿಚಾರ ಬಂದು ಅವಳು ನೆಟ್ಟಗೆ ಕೂತಳು. ಈ ಕಡೆಯ ಮನೆಗಳಲ್ಲಿ ಸೂತಕ ಕಳೆಯುವ ತನಕ ಟೀವಿ ಹಚ್ಚುವುದಿಲ್ಲ. ಹೆಣ ಎತ್ತುವ ಮೊದಲೇ ಗೋಡೆಯ ಸ್ವಿಚ್ ಆರಿಸಿ, ಅದರ ಮೇಲೆ ಬಿಳಿ ಪಂಚೆ ಹೊದಿಸಿದ್ದರು. ಪಂಚೆ ತೆಗೆದು ಮೊದಲ ಸಲ ಹಚ್ಚಿದವಳು ಬೀರಿ. ಅಂದರೆ ಯೋಗೇಶ ಸತ್ತ ಸಂಜೆ ಟೀವಿ ಹೇಗಿತ್ತೋ ಹಾಗೆಯೇ ಇವತ್ತಿಗೂ ಇದೆ. ಬೀಗ ಹಾಕಿ ಮೊಹರು ಒತ್ತಿದ್ದರೂ ಪೊಲೀಸರು ಇಷ್ಟು ಚೆನ್ನಾಗಿ ಕಾಯುತ್ತಿರಲಿಲ್ಲ.

ಆ ಸಂಜೆಯೂ ಮಾತು ಈ ಕೋಣೆಗೆ ಮಾತ್ರ ಬರುತ್ತಿತ್ತು. ಹಾಗಿದ್ದರೆ ಶಿವಾನಂದ ಗೇಟಿನಲ್ಲಿ ನಿಂತು ಕೇಳಿದ್ದು ಏನನ್ನು?

ಅವನನ್ನು ತೋಡೂರಿನಿಂದ ಬರಹೇಳಿ ಆಗಲೇ ಆಗಿತ್ತು. ಅಂಗಳದಲ್ಲಿ ಸ್ಕೂಟರ್ ನಿಂತಿತು. ಇಸ್ತ್ರಿ ಅಂಗಿ, ಬಾಚಿದ ತಲೆ, ಕೈಯಲ್ಲಿ ಹೆಲ್ಮೆಟ್. ಶಿವಾನಂದ ನೌಕಾನೆಲೆಯ ಗುತ್ತಿಗೆದಾರನೊಬ್ಬನ ಬಳಿ ಸೂಪರ್‌ವೈಸರ್. ಆಯಿಯನ್ನು ಯಾರು ಇಟ್ಟುಕೊಳ್ಳಬೇಕೆಂದು ಅಣ್ಣತಮ್ಮಂದಿರಿಗೆ ಜಗಳವಾಗಿತ್ತು. ಇಬ್ಬರಿಗೂ ಬೇಡವೆಂದು ನಡೆದ ಜಗಳವಲ್ಲ ಅದು, ಇಬ್ಬರಿಗೂ ಬೇಕೆಂದು ನಡೆದದ್ದು. ಅಣ್ಣ ಗೆದ್ದ, ತಮ್ಮನಿಗೆ ಬಾಗಿಲು ಮುಚ್ಚಿದ. ಹುಟ್ಟಿದ ಮನೆಯಲ್ಲಿ ಎಲ್ಲಿ ಕೂರಬೇಕೆಂದು ತಿಳಿಯದೆ ಶಿವಾನಂದ ನಿಂತೇ ಇದ್ದ.

ನಂದಿನಿ ಅವನ ಹೇಳಿಕೆಯನ್ನು ಇನ್ನೊಮ್ಮೆ ಬಾಯಿಬಿಟ್ಟು ಹೇಳಿಸಿದಳು. ಒಂದು ಎಳೆಯೂ ಹೆಚ್ಚುಕಡಿಮೆ ಆಗದಂತೆ ಹೇಳಿದ. ಗೇಟು, ಟೀವಿಯ ಸುದ್ದಿ, ಹಿತ್ತಲಿನಿಂದ ಒಳಹೋದ ಅತ್ತಿಗೆ.

"ಸುದ್ದಿ ಅಂದ್ರಲ್ಲ. ಏನು ಸುದ್ದಿ ನೆನಪಿದೆಯಾ?"

ಬಾಯಿಗೆ ಬಂದದ್ದು ಹೇಳುತ್ತಾನೆ ಎಂದುಕೊಂಡಿದ್ದಳು ಅವಳು. ಶಿವಾನಂದ ಒಂದು ಕ್ಷಣವೂ ತಡೆಯಲಿಲ್ಲ.

"ಬೈತಖೋಲದ ದೋಣಿದು. ನಾಪತ್ತೆಯಾದ್ದು ಸಿಕ್ತು, ಎಲ್ಲರೂ ಜೀವಂತ ಇದ್ದಾರೆ ಅಂತ ಓದ್ತಿದ್ರು. ನಾ ಗೇಟಿನ ಹತ್ರನೇ ನಿಂತದ್ದು ಮೇಡಂ. ಅಣ್ಣಂಗೂ ನಂಗೂ ಮಾತಿರ್ಲಿಲ್ಲ, ಊರಿಗೇ ಗೊತ್ತದೆ. ಒಳಗೆ ಬರ್ಲಿಲ್ಲ."

ಜಗಲಿಯ ಕಂಬದ ಬಳಿ ಬೀರಿ ಬಾಯಿಗೆ ಸೆರಗು ಒತ್ತಿಕೊಂಡಳು. ಆ ರಾತ್ರಿ ನಡೆದದ್ದು ಅವಳಿಗೆ ನೆನಪಿತ್ತು, ನಂದಿನಿಗೂ ಹೇಳಿದ್ದಳು. ಮಗ ಹೋದನೆಂದು ಹೇಳಲು ಹೆಂಗಸರೆಲ್ಲ ಅಳುತ್ತ ಒಳಕೋಣೆಗೆ ಬಂದಾಗ ಅಜ್ಜಿ, "ದೋಣಿ ಸಿಕ್ತಂತೆ, ಎಲ್ಲರೂ ಜೀವಂತ ಇದ್ರಂತೆ" ಎಂದು ನಕ್ಕಿದ್ದಳು. ಮುದುಕಿಯ ತಲೆ ಪೂರ್ತಿ ಹೋಯಿತೆಂದು ಎಲ್ಲರೂ ಇನ್ನಷ್ಟು ಅತ್ತಿದ್ದರು.

"ಹೊರಗೆ ಬನ್ನಿ," ಎಂದಳು ನಂದಿನಿ.

ಅವನನ್ನು ಗೇಟಿನ ಬಳಿ ನಿಲ್ಲಿಸಿ, ಬೀರಿಗೆ ಟೀವಿ ಏರಿಸಲು ಹೇಳಿದಳು. ಹೊತ್ತು ಮುಳುಗುತ್ತಿತ್ತು. ಕಡಲ ಕಡೆಯಿಂದ ಉಪ್ಪುಗಾಳಿ ಬೀಸಿ ತೆಂಗಿನ ಗರಿಗಳು ಪರಪರ ಎನ್ನುತ್ತಿದ್ದವು. ಕಿಟಕಿಯಲ್ಲಿ ಸುದ್ದಿ ಓದುವ ಹುಡುಗಿಯ ನೀಲಿ ಮುಖ ಕಂಡಿತು, ತುಟಿ ಆಡುವುದೂ ಕಂಡಿತು. ಕೇಳಿದ್ದು ಢಂ ಢಂ ಮಾತ್ರ. ಇಳಿಸಲು ಹೇಳಿದಳು. ಆಗ ಗಾಳಿಯ ಸದ್ದು ಮಾತ್ರ ಉಳಿಯಿತು.

ಶಿವಾನಂದ ಮೊದಲು ಕಿವಿ ಕೊಟ್ಟ, ಆಮೇಲೆ ಎರಡು ಹೆಜ್ಜೆ ಮುಂದೆ ಹೋದ, ಆಮೇಲೆ ಸುಮ್ಮನೆ ನಿಂತ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವವರನ್ನು ನಂದಿನಿ ಎಷ್ಟೋ ಕಂಡಿದ್ದಳು. ಇವನು ಹೆಲ್ಮೆಟ್ಟನ್ನು ಎದೆಗೆ ಅವಚಿಕೊಂಡ.

"ಟೀವಿ ಹಾಳಾಯ್ತು," ಎಂದ ಕೊನೆಗೆ.

"ಹಾಳಾಗಿಲ್ಲ. ಆ ದಿನ ಹ್ಯಾಗಿತ್ತೋ ಹಾಗೇ ಇದೆ. ನೀವು ಗೇಟಿನಲ್ಲಿ ನಿಂತಿದ್ರೆ ದೋಣಿಯ ಸುದ್ದಿ ಕೇಳ್ತಿರಲಿಲ್ಲ. ನಡುಮನೆಯಲ್ಲಿ ನಿಂತಿದ್ರೂ ಆ ಸಂಗೀತದ ಗದ್ದಲದಲ್ಲಿ ಕೇಳ್ತಿರಲಿಲ್ಲ. ಆ ಮಾತು ಕೇಳುವ ಜಾಗ ಈ ಮನೆಯಲ್ಲಿ ಒಂದೇ ಇತ್ತು, ನಿಮ್ಮ ಆಯಿಯ ಮಂಚದ ಪಕ್ಕ."

ನಂದಿನಿ ಅವನ ತೋಳು ಹಿಡಿದು ಒಳಗೆ ಕರೆತಂದು, ಒಳಕೋಣೆಯ ಬಾಗಿಲಲ್ಲಿ ನಿಲ್ಲಿಸಿದಳು. ಸ್ಪೀಕರ್ ಕಂಡೊಡನೆ ಅವನ ಮುಖ ಬಿಳುಚಿತು. ಅಷ್ಟರಲ್ಲಿ ಮಂಚದಿಂದ ಅಜ್ಜಿ ಮೂಗು ಅರಳಿಸಿ ಗಾಳಿ ಎಳೆದಳು.

"ಶಿವು ಬಂದ್ನಲೇ. ಎಂತಕ್ಕೆ ಇವತ್ತೂ ಸುಮ್ಮಂಗೆ ನಿಂತ್ಯಾ? ಅವತ್ತೂ ಹೀಂಗೇ ನಿಂತದ್ದು ನೀನು. ನಿನ್ ಎಣ್ಣಿ ಪರಿಮಳ ನಂಗೆ ಗೊತ್ತಾಗೂದಿಲ್ವಾ?"

ಕುರುಡು ಮುದುಕಿಯ ಪಕ್ಕದಲ್ಲಿ, ಉಸಿರು ಬಿಗಿಹಿಡಿದು ನಿಂತ ಮನುಷ್ಯನೊಬ್ಬ. ಗೋಡೆಯಾಚೆ ಕುರ್ಚಿಯಲ್ಲಿ ಇನ್ನೊಬ್ಬ ಉಸಿರುಗಟ್ಟುತ್ತಿದ್ದಾನೆ. ಕಿವಿಯ ಪಕ್ಕದಲ್ಲಿ ಎಲ್ಲರೂ ಜೀವಂತ ಇದ್ದಾರೆ ಎಂದು ಸುದ್ದಿ ಓದುತ್ತಿದ್ದಾರೆ. ಆ ಚಿತ್ರ ನಂದಿನಿಯ ಕಣ್ಣಿಗೆ ಕಟ್ಟಿತು.

ಶಿವಾನಂದ ನೆಲಕ್ಕೆ ಕುಸಿದು ಆಯಿಯ ಕಾಲು ಹಿಡಿದುಕೊಂಡ. ಆಮೇಲೆ ಎಲ್ಲವನ್ನೂ ಹೇಳಿದ. ಅಣ್ಣ ಬಾಗಿಲು ಮುಚ್ಚಿದ ಮೇಲೆ ವಾರಕ್ಕೊಮ್ಮೆ, ಟೀವಿಯ ಗದ್ದಲದ ಹೊತ್ತು ನೋಡಿ, ಹಿತ್ತಲ ಬಾಗಿಲಿನಿಂದ ಕದ್ದು ಬರುತ್ತಿದ್ದ. ಕಿವಿ ಮಂದ ಅಣ್ಣನಿಗೆ ಗೊತ್ತಾಗುತ್ತಿರಲಿಲ್ಲ. ಆಯಿಯ ಪಕ್ಕದಲ್ಲಿ ನಿಂತು ನೋಡಿಕೊಂಡು ಹೋಗುತ್ತಿದ್ದ, ಮಾತಾಡಿಸಿದರೆ ಆಯಿ ಗಟ್ಟಿಯಾಗಿ ಹೆಸರು ಕೂಗುತ್ತಾಳೆಂದು ಮಾತೂ ಆಡುತ್ತಿರಲಿಲ್ಲ. ಆ ಸಂಜೆಯೂ ಹಾಗೆಯೇ ಬಂದಿದ್ದ. ಕತ್ತಲಲ್ಲಿ ಸ್ಪೀಕರ್ ಕಂಡಿರಲಿಲ್ಲ. ನಡುಮನೆಯ ಟೀವಿಯೇ ಎಂದಿನಂತೆ ಕಿರುಚುತ್ತಿದೆ ಎಂದುಕೊಂಡಿದ್ದ. ಕೊಲೆಯೆಂದು ತಿಳಿದಾಗ, ಒಳಗೆ ಇದ್ದೆ ಎಂದರೆ ತನ್ನ ಕೊರಳಿಗೇ ಸುತ್ತಿಕೊಳ್ಳುತ್ತದೆಂದು ಹೆದರಿ, ತನ್ನನ್ನು ಗೇಟಿನಾಚೆ ನಿಲ್ಲಿಸಿಕೊಂಡ.

"ಮತ್ತೆ ವೀಣಾ? ಕಣ್ಣಾರೆ ಕಂಡೆ ಅಂದಿರಲ್ಲ?"

"ಕಾಣ್ಲಿಲ್ಲ." ಅವನು ತಲೆ ಎತ್ತಲಿಲ್ಲ. "ಯಾರೋ ಎದುರಿನ ಬಾಗ್ಲಿಂದ ಒಳಗೆ ಬಂದ್ರು. ಕರೀಲಿಲ್ಲ, ಕದ ತಟ್ಲಿಲ್ಲ. ಅಣ್ಣ ಮಾತಾಡ್ಸಿದ್ದು ಕೇಳ್ತು. ಹಾಂಗೆ ಬರೂದು ಅತ್ತಿಗೆ ಒಂದೇ ಅಂದ್ಕಂಡೆ. ನಾ ಹಿತ್ಲ ಬಾಗ್ಲಿಂದ ಓಡ್ದೆ."

ಅಂದ್ಕಂಡೆ. ಆ ಒಂದು ಅಂದಾಜಿಗೆ ಒಬ್ಬ ಹೆಂಗಸಿನ ಜೀವನ ನಾಳೆ ಬೆಳಿಗ್ಗೆ ಮುಗಿಯುವುದಿತ್ತು. ನಂದಿನಿಗೆ ಅವನ ಕೆನ್ನೆಗೆ ಬಾರಿಸುವಷ್ಟು ಸಿಟ್ಟು ಬಂತು. ಅದರ ಬೆನ್ನಿಗೇ ಎದೆ ಹಗುರವಾಯಿತು. ಸಾಕ್ಷಿ ಮುರಿದಿತ್ತು, ವೀಣಾ ಉಳಿದಳು. ಮೇಲಿನವರಿಗೆ ಈ ಸಂಜೆಯೇ ಫೋನ್ ಮಾಡಬಹುದು.

"ಅಜ್ಜೀ, ಯೋಗೇಶ ಆ ಬಂದವರ ಹತ್ರ ಏನಂದ?" ಎಂದು ಕೇಳಿದಳು, ಬರಿಯ ಕ್ರಮಕ್ಕೆಂದು.

"'ಬಂದ್ಯಾ? ಕೂತ್ಕ' ಅಂದ. ಪ್ರೀತಿಲೇ ಅಂದ. ಬಂದದ್ದು ಮಾತಾಡ್ಲಿಲ್ಲ."

ಹೆಂಡತಿಗೂ ಹಾಗೆ ಅನ್ನಬಹುದು. ಬಾಲ್ಯದ ಗೆಳೆಯನಿಗೂ ಅನ್ನಬಹುದು. ನಂದಿನಿ ಅದನ್ನು ಮನಸ್ಸಿನಲ್ಲಿ ತಿರುಗಿಸುತ್ತಿರುವಾಗಲೇ ಅವಳ ಮೊಬೈಲ್ ಗುಣುಗುಟ್ಟಿತು. ಸಂದೇಶ.

ಅವನಿಗೆ ಈಗ ನೆನಪಾಗಿತ್ತು. ಆ ಪೆಟ್ಟಿಗೆಗೆ ಬ್ಲೂಟೂತ್ ಇದೆ. ತಾನು ಅದಕ್ಕೆ ಜೋಡಿಸಿಕೊಟ್ಟದ್ದು ಯೋಗೇಶನ ಮೊಬೈಲ್ ಒಂದನ್ನೇ. ಆ ಮೊಬೈಲ್ ಅಂಗಳಕ್ಕೆ ಬಂದರೆ ಸಾಕು, ಪೆಟ್ಟಿಗೆ ಟೀವಿಯನ್ನು ಬಿಟ್ಟು ತಾನೇ ಅದಕ್ಕೆ ಅಂಟಿಕೊಳ್ಳುತ್ತದೆ, ಇಂಗ್ಲಿಷಿನಲ್ಲಿ ಹಾಗೆಂದು ಹೇಳುತ್ತದೆ. ಮೊಬೈಲ್ ಮನೆಯಲ್ಲಿದ್ದಾಗ ಟೀವಿ ಕೇಳಬೇಕಾದರೆ ಯೋಗೇಶ ರಿಮೋಟಿನಿಂದ ಮತ್ತೆ ಟೀವಿಗೆ ತಿರುಗಿಸಿಕೊಳ್ಳುತ್ತಿದ್ದ. ಆಮೇಲೆ ಮೊಬೈಲಿನ ಸದ್ದೆಲ್ಲ ಪೆಟ್ಟಿಗೆಯಿಂದಲೇ ಬರುತ್ತದೆ, ಮೊಬೈಲ್ ಮೂಕವಾಗಿರುತ್ತದೆ. ಆಯಿಗೆ ಗುಳಿಗೆಯ ಹೊತ್ತು ನೆನಪಿಸಲು ಯೋಗೇಶ ತನ್ನ ದನಿಯನ್ನೇ ಅದರಲ್ಲಿ ರೆಕಾರ್ಡ್ ಮಾಡಿ ಸಂಜೆಗೆ ಹೊಂದಿಸಿಟ್ಟಿದ್ದ, ಅದನ್ನು ಕಲಿಸಿದವನೂ ತಾನೇ ಎಂದ.

ಯೋಗೇಶನ ಮೊಬೈಲ್ ಅವನು ಸತ್ತ ಸಂಜೆಯಿಂದ ಕಾಣೆಯಾಗಿತ್ತು. ಸಿಮ್ ತೆಗೆದಿದ್ದರಿಂದ ಎಲ್ಲಿದೆಯೆಂದು ಪತ್ತೆಯಾಗಿರಲಿಲ್ಲ. ಕೊಂದವನೇ ಒಯ್ದಿದ್ದಾನೆಂದು ನಂದಿನಿಯೇ ವರದಿ ಬರೆದಿದ್ದಳು. ಸಿಮ್ ತೆಗೆಯಬೇಕೆಂದು ಹೊಳೆದವರಿಗೆ ಬ್ಲೂಟೂತ್ ಆರಿಸಬೇಕೆಂದು ಹೊಳೆದಿರಲಿಲ್ಲ.

ದೆವ್ವ ಮಾತಾಡಿದ ಎರಡೂ ಸಂಜೆ ಆ ಮೊಬೈಲ್ ಈ ಅಂಗಳದಲ್ಲಿತ್ತು.

ಹೊರಗೆ ಜೀಪಿನ ಸದ್ದಾಯಿತು. ಗೇಟು ಕಿರ್ರೆಂದಿತು. ನಂದಿನಿ ಮೊಬೈಲನ್ನು ಕಿವಿಯಿಂದ ಇಳಿಸಿದಳು. ಶಿವಾನಂದ ಆಯಿಯ ಕಾಲ ಬಳಿ ಇದ್ದ, ಬಂದಾಗಿನಿಂದ ಅವಳ ಕಣ್ಣೆದುರೇ ಇದ್ದ. ಬೀರಿಯೂ ಮನೆ ಬಿಟ್ಟು ಕದಲಿರಲಿಲ್ಲ. ಇಷ್ಟು ಹೊತ್ತೂ ಪೆಟ್ಟಿಗೆ ಟೀವಿಯ ಸಂಗೀತವನ್ನೇ ಬಡಿಯುತ್ತಿತ್ತು.

ಸಂಗೀತ ಫಕ್ಕನೆ ನಿಂತಿತು.

"ಬ್ಲೂಟೂತ್ ಕನೆಕ್ಟೆಡ್," ಎಂದಿತು ಹೆಣ್ಣು ದನಿ, ಅಜ್ಜಿಯ ದಿಂಬಿನ ಹಿಂದಿನಿಂದ.

ನಂದಿನಿ ನಡುಮನೆಗೆ ಬಂದಳು. ಎದುರಿನ ಬಾಗಿಲಿನಿಂದ ಇಬ್ಬರು ಒಳಗೆ ಬಂದರು. ಮುಂದೆ ವೀಣಾ, ಎದೆಗೆ ಊಟದ ಚೀಲ ಒತ್ತಿಕೊಂಡು. ಹಿಂದೆ ಮಾದು ಗೌಡ, ಜೀಪಿನ ಕೀಲಿ ಕಿಸೆಗೆ ಹಾಕುತ್ತ. ಮೊನ್ನೆಯೂ ನಿನ್ನೆಯೂ ಬಂದವರು ಇವರಿಬ್ಬರೇ, ಹೀಗೆಯೇ, ಜೊತೆಯಾಗಿ. ಕರೆತರಲು ಕಳಿಸಿದವಳು ತಾನು.

"ಇಬ್ಬರೂ ಅಲ್ಲೇ ನಿಲ್ಲಿ," ಎಂದಳು. ದನಿ ತನ್ನದೇ ಅನ್ನಿಸಲಿಲ್ಲ.

ಒಳಕೋಣೆಯಿಂದ ಗಂಡು ದನಿ ಎದ್ದಿತು. ಮಂದ ಕಿವಿಯವರು ಮಾತಾಡುವ ಹಾಗೆ ಸ್ವಲ್ಪ ಗಟ್ಟಿಯಾಗಿ, ನಗು ಬೆರೆತು.

"ಆಯೀ, ಗುಳಿಗೆ ತಕಂಡ್ಯಾ?"

"ತಕಂಡೆ ಮಗಾ," ಎಂದಳು ಅಜ್ಜಿ.

ವೀಣಾಳ ಬೆರಳುಗಳು ಚೀಲದೊಳಗೆ ಇಳಿದವು. ಮಾದು ಗೌಡನ ಕೈ ಕಿಸೆಯಿಂದ ಹೊರಗೆ ಬರಲಿಲ್ಲ. ಒಬ್ಬರನ್ನು ಉಳಿಸಬೇಕೆಂದು ನಂದಿನಿ ಇಷ್ಟು ದೂರ ಬಂದಿದ್ದಳು, ಇನ್ನೊಬ್ಬರನ್ನು ಬೆನ್ನಿಗೆ ನಂಬಿಕೊಂಡು ಬಂದಿದ್ದಳು. ಇಬ್ಬರ ಮುಖದಲ್ಲೂ ಒಂದೇ ಹೆದರಿಕೆ ಇತ್ತು. ಕಾಣದ ಆ ಎರಡು ಕೈಗಳಲ್ಲಿ ಒಂದು ಯೋಗೇಶನ ಮೊಬೈಲಿನ ಮೇಲಿತ್ತು. ಅವಳು ಒಂದು ಹೆಜ್ಜೆ ಮುಂದಿಟ್ಟಳು.

"ಡಿಸ್‌ಕನೆಕ್ಟೆಡ್," ಎಂದಿತು ಪೆಟ್ಟಿಗೆ.